ನಿಮ್ಮ ಊರಿನ ನೀರಿನ ವರದಿ: ಕೇಳಿ ಪಡೆಯುವುದು ಹೇಗೆ?

ಕುಡಿಯುವ ನೀರು ಒಳ್ಳೆಯದೋ ಕೆಟ್ಟದೋ ಎಂಬುದನ್ನು ನಾವು ಸಾಮಾನ್ಯವಾಗಿ ಕಣ್ಣು, ಮೂಗು, ನಾಲಿಗೆಗಳಿಂದ ತೀರ್ಮಾನಿಸುತ್ತೇವೆ. ನೀರು ಕೆಂಪಗಿದ್ದರೆ ಬಟ್ಟೆ ಕಟ್ಟಿ ಸೋಸುತ್ತೇವೆ. ವಾಸನೆ ಬಂದರೆ ಚೆಲ್ಲುತ್ತೇವೆ. ತಿಳಿಯಾಗಿದ್ದು ಬಾಯಿಗೆ ಹಿತವಾಗಿದ್ದರೆ ಒಳ್ಳೆಯ ನೀರೆಂದು ನಂಬಿ ಮಕ್ಕಳಿಗೂ ಕೊಡುತ್ತೇವೆ. ಆದರೆ ಆರೋಗ್ಯವನ್ನು ವರ್ಷಗಟ್ಟಲೆ ಕಾಡುವ ಕೆಲವು ದೋಷಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ನಮ್ಮ ಬಯಲುಸೀಮೆಯ ಕೊಳವೆ ಬಾವಿಗಳಲ್ಲಿ ಕಾಣಬರುವ ಫ್ಲೋರೈಡ್ ಮತ್ತು ನೈಟ್ರೇಟ್ ಇಂಥವು. ಇವು ಎಷ್ಟಿವೆ ಎಂಬುದನ್ನು ಹೇಳಬಲ್ಲದ್ದು ನೀರಿನ ಪರೀಕ್ಷೆಯ ವರದಿ ಮಾತ್ರ.

ಸರ್ಕಾರ ಪೂರೈಸುವ ನೀರನ್ನು ಪರೀಕ್ಷಿಸುವ ವ್ಯವಸ್ಥೆ ನಮ್ಮಲ್ಲಿದೆ. ಪರೀಕ್ಷೆ ನಡೆದಿದ್ದರೆ ಅದರ ವರದಿ ಯಾವುದಾದರೂ ಕಚೇರಿಯ ಕಡತದಲ್ಲಿ ಇರುತ್ತದೆ. ಆ ನೀರನ್ನು ಕುಡಿಯುವವರ ಕೈಗೆ ಮಾತ್ರ ಅದು ತಲುಪುವುದು ಅಪರೂಪ. ಅದನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ. ಹೇಗೆ ಕೇಳಬೇಕು, ಬಂದ ವರದಿಯನ್ನು ಹೇಗೆ ಓದಬೇಕು, ಓದಿದ ಮೇಲೆ ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಈ ವಾರ ನೋಡೋಣ.

ಫ್ಲೋರೈಡ್ ಮಾಡುವ ಕೆಡುಕು

ಭಾರತದಲ್ಲಿ ನೀರಿನ ಫ್ಲೋರೈಡ್‌ನಿಂದ ಬರುವ ಫ್ಲೋರೋಸಿಸ್ ರೋಗ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ನಮ್ಮ ರಾಜ್ಯದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಗದಗ, ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳಿಗೆ ಈ ತೊಂದರೆ ಹೊಸದಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳ ಹೆಸರು ಇದರ ಜೊತೆಯಲ್ಲೇ ಕೇಳಿಬರುತ್ತದೆ. ಗ್ರಾನೈಟ್‌ನಂಥ ಕಲ್ಲುಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಕರಗುತ್ತದೆ. ಕೆರೆ, ತೆರೆದ ಬಾವಿಗಳು ಬತ್ತಿ ನಾವು ಆಳದ ನೀರನ್ನು ಅವಲಂಬಿಸಿದಂತೆಲ್ಲ ಅಪಾಯ ಹೆಚ್ಚಿತು.

ಈ ರೋಗ ಮೊದಲು ಕಾಣಿಸಿಕೊಳ್ಳುವುದು ಮಕ್ಕಳ ಹಲ್ಲಿನಲ್ಲಿ. ಮೊದಲು ಸುಣ್ಣದಂಥ ಬಿಳಿ ಗೆರೆಗಳು, ಹೆಚ್ಚಾದರೆ ಹಳದಿ ಅಥವಾ ಕಂದು ಕಲೆಗಳು. ಶಾಶ್ವತ ಹಲ್ಲುಗಳು ವಸಡಿನ ಒಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಹುಟ್ಟಿನಿಂದ ಸುಮಾರು 8 ವರ್ಷದೊಳಗೆ, ಕುಡಿದ ನೀರಿನಿಂದ ಈ ಕಲೆ ಉಂಟಾಗುತ್ತದೆ. ಬ್ರಷ್ ಮಾಡಿ ಉಜ್ಜಿದರೆ ಅದು ಹೋಗದು. ವರ್ಷಾನುಗಟ್ಟಲೆ ಅಂಥ ನೀರನ್ನೇ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ ತಟ್ಟುತ್ತದೆ. ಕುತ್ತಿಗೆ, ಬೆನ್ನು, ಮಂಡಿಗಳಲ್ಲಿ ನೋವು ಮತ್ತು ಬಿಗಿತ ಬರುತ್ತದೆ. ಬಗ್ಗಲು, ಕುತ್ತಿಗೆ ತಿರುಗಿಸಲು ಕಷ್ಟವಾಗುತ್ತದೆ. ಎಷ್ಟೋ ಮಂದಿ ಇದನ್ನು ವಾಯು ಅಥವಾ ವಯಸ್ಸಿನ ನೋವೆಂದು ತಿಳಿದು ನೋವಿನ ಮಾತ್ರೆ ನುಂಗುತ್ತಾ ಕಾಲ ಕಳೆಯುತ್ತಾರೆ. ಬಿಗಿದ ಮೂಳೆಯನ್ನು ಮೊದಲಿನ ಸ್ಥಿತಿಗೆ ತರುವ ಔಷಧಿ ಇಲ್ಲ. ಇರುವ ದಾರಿ ಒಂದೇ, ಸಕಾಲದಲ್ಲಿ ನೀರನ್ನು ಬದಲಾಯಿಸುವುದು. ಇಲ್ಲಿಯೇ ವರದಿಯ ಮಹತ್ವ. ಎರಡು ವರ್ಷದ ಮಗುವಿರುವ ಮನೆಗೆ ಈ ವರ್ಷ ತಿಳಿಯಬೇಕಾದ ಅಂಕಿ ಆರು ವರ್ಷದ ನಂತರ ತಿಳಿದರೆ, ಹಲ್ಲಿನ ಮಟ್ಟಿಗೆ ಪ್ರಯೋಜನವಿಲ್ಲ.

ಹಕ್ಕು ಎಲ್ಲಿಂದ ಬಂತು?

ಮಾಹಿತಿ ಹಕ್ಕಿಗೆ ಕರ್ನಾಟಕ 2000ದಲ್ಲೇ ತನ್ನದೊಂದು ಕಾಯ್ದೆ ಮಾಡಿತ್ತು. ನಂತರ ಕೇಂದ್ರದ ಮಾಹಿತಿ ಹಕ್ಕು ಅಧಿನಿಯಮ 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂತು. ಈಗ ನಾವು ಅರ್ಜಿ ಹಾಕುವುದು ಇದರ ಕೆಳಗೆ. ಗ್ರಾಮ ಪಂಚಾಯಿತಿಯಿಂದ ವಿಧಾನಸೌಧದವರೆಗೆ ಪ್ರತಿ ಸರ್ಕಾರಿ ಕಚೇರಿಯಲ್ಲೂ ಒಬ್ಬ ಸಾರ್ವಜನಿಕ ಮಾಹಿತಿ ಅಧಿಕಾರಿ ಇರಬೇಕು. ಭಾರತದ ಯಾವ ಪ್ರಜೆಯಾದರೂ ಅವರನ್ನು ಮಾಹಿತಿ ಕೇಳಬಹುದು. ಏಕೆ ಬೇಕು ಎಂಬ ಕಾರಣ ಹೇಳಬೇಕಾಗಿಲ್ಲ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ನೆರವಾಗುವುದು ಆ ಅಧಿಕಾರಿಯ ಕರ್ತವ್ಯವೆಂದು ಕಾಯ್ದೆಯೇ ಹೇಳುತ್ತದೆ.

ಈ ಕಾಯ್ದೆಯ ಪ್ರಕಾರ ನೀವು ದಾಖಲೆಯ ದೃಢೀಕೃತ ಪ್ರತಿ ಪಡೆಯಬಹುದು, ಕಚೇರಿಗೆ ಹೋಗಿ ಕಡತ ನೋಡಿ ಟಿಪ್ಪಣಿ ಮಾಡಿಕೊಳ್ಳಬಹುದು, ಕಾಮಗಾರಿಯನ್ನು ಪರಿಶೀಲಿಸಬಹುದು. ವಸ್ತುವಿನ ದೃಢೀಕೃತ ಮಾದರಿಯನ್ನೂ ಕೇಳಬಹುದು.

ಯಾರನ್ನು ಕೇಳಬೇಕು?

ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯನ್ನು (ಪಿ.ಡಿ.ಓ.) ಕೇಳಿ. ಪ್ರಯೋಗಾಲಯದ ವರದಿಗಳು ಜಿಲ್ಲೆಯ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ವಿಭಾಗದ ಕಚೇರಿಯಲ್ಲಿ ಸಿಗುವ ಸಂಭವ ಹೆಚ್ಚು. ಪಟ್ಟಣಗಳಲ್ಲಿ ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆ. ಬೆಂಗಳೂರಿನಲ್ಲಿ ಜಲಮಂಡಳಿ.

ತಪ್ಪು ಕಚೇರಿಗೆ ಅರ್ಜಿ ಹೋದೀತೆಂಬ ಭಯ ಬೇಡ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕೆಂದು ಕಾಯ್ದೆಯ 6(3)ನೇ ಕಲಂ ಹೇಳುತ್ತದೆ. 'ಇದು ನಮ್ಮದಲ್ಲ' ಎಂದು ಅರ್ಜಿಯನ್ನು ವಾಪಸು ಕೊಡುವಂತಿಲ್ಲ.

ಪ್ರಶ್ನೆ ಹೇಗಿರಬೇಕು?

ಬಹಳಷ್ಟು ಅರ್ಜಿಗಳು ವಿಫಲವಾಗುವುದು ಇಲ್ಲಿ. 'ನಮ್ಮೂರ ನೀರು ಕುಡಿಯಲು ಯೋಗ್ಯವೇ?', 'ನಮಗೆ ಒಳ್ಳೆಯ ನೀರು ಏಕೆ ಕೊಡುತ್ತಿಲ್ಲ?' ಎಂದು ಕೇಳಿದರೆ ಅಧಿಕಾರಿ ಉತ್ತರಿಸದೆ ನುಣುಚಿಕೊಳ್ಳಬಹುದು. ಈ ಕಾಯ್ದೆಯಡಿ ಸಿಗುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ. ಹೊಸದಾಗಿ ಅಭಿಪ್ರಾಯ ಹೇಳಬೇಕಾದ, ವಿವರಣೆ ಕೊಡಬೇಕಾದ ಹೊಣೆ ಅಧಿಕಾರಿಗೆ ಇಲ್ಲ. 2011ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ ದಾಖಲೆಯ ಹೆಸರು, ಸ್ಥಳ, ಅವಧಿ ಈ ಮೂರನ್ನೂ ಹೇಳಿ ಕೇಳಿ.

ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ನೀರಿನ ಅರ್ಜಿಯಲ್ಲಿ ರಸ್ತೆ, ಬೀದಿದೀಪಗಳನ್ನು ಸೇರಿಸಬೇಡಿ. 'ನಮೂನೆ ಎ'ಯಲ್ಲಿ ನಿಮ್ಮ ಹೆಸರು, ವಿಳಾಸ ತುಂಬಿ, ಬೇಕಾದ ಮಾಹಿತಿಯನ್ನು ಹೀಗೆ ಬರೆಯಬಹುದು:

*'ನಮ್ಮ ಗ್ರಾಮಕ್ಕೆ (ಗ್ರಾಮದ ಹೆಸರು) ಕುಡಿಯುವ ನೀರು ಪೂರೈಸುವ ಮೂಲಗಳ ಬಗ್ಗೆ ಕಳೆದ ಎರಡು ವರ್ಷಗಳಿಗೆ ಸಂಬಂಧಿಸಿದಂತೆ ಈ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕಾಗಿ ಕೋರುತ್ತೇನೆ. 1. ನೀರು ಪೂರೈಸುವ ಎಲ್ಲ ಕೊಳವೆ ಬಾವಿ ಮತ್ತು ಇತರ ಮೂಲಗಳ ಪಟ್ಟಿ. 2. ಪ್ರತಿ ಮೂಲದ ನೀರಿನ ರಾಸಾಯನಿಕ ಹಾಗೂ ಬ್ಯಾಕ್ಟೀರಿಯಾ ಪರೀಕ್ಷೆಯ ಪ್ರಯೋಗಾಲಯ ವರದಿಗಳು. 3. ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದ ನೀರಿನ ಪರೀಕ್ಷಾ ವರದಿಗಳು ಮತ್ತು ನಿರ್ವಹಣಾ ದಾಖಲೆ. 4. ಕುಡಿಯಲು ಯೋಗ್ಯವಲ್ಲವೆಂದು ವರದಿಯಾದ ಮೂಲಗಳಿದ್ದರೆ, ಅವುಗಳ ಮೇಲೆ ಕೈಗೊಂಡ ಕ್ರಮದ ಪತ್ರಗಳು.'*

ಮೂರನೆಯ ಅಂಶವನ್ನು ಬಿಡಬೇಡಿ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಘಟಕಗಳು ಹಳ್ಳಿ ಹಳ್ಳಿಗಳಲ್ಲಿವೆ. ಒಳಗಿನ ಫಿಲ್ಟರ್ ಮತ್ತು ಪೊರೆಗಳನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಹೆಸರಿಗೆ ಮಾತ್ರ ಶುದ್ಧ ನೀರಾಗುತ್ತದೆ. ನಾಲ್ಕನೆಯದು ಇನ್ನೂ ಮುಖ್ಯ. ನೀರು ಕೆಟ್ಟಿದೆ ಎಂದು ಗೊತ್ತಾದ ಮೇಲೆ ಕಚೇರಿ ಏನು ಮಾಡಿತು ಎಂಬುದು ಅದರಿಂದ ತಿಳಿಯುತ್ತದೆ.

ಶುಲ್ಕ ಮತ್ತು ಗಡುವು

ಅರ್ಜಿ ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಮೂಲಕ ಕೊಡಬಹುದು, ಕಚೇರಿಯಲ್ಲೇ ನಗದು ಕಟ್ಟಿದರೆ ರಸೀದಿ ತಪ್ಪದೆ ಪಡೆಯಿರಿ. ಪ್ರತಿಗಳಿಗೆ ಪುಟವೊಂದಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ, ಅದರ ದಾಖಲೆಯ ಪ್ರತಿಯನ್ನು ಅರ್ಜಿಗೆ ಲಗತ್ತಿಸಬೇಕು. ಅರ್ಜಿಯನ್ನು ನೇರವಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದರೆ ಚೀಟಿಯನ್ನು ಜೋಪಾನವಾಗಿಡಿ. ರಾಜ್ಯ ಸರ್ಕಾರದ ಆರ್‌ಟಿಐ ಜಾಲತಾಣದ ಮೂಲಕವೂ ಅರ್ಜಿ ಸಲ್ಲಿಸಬಹುದು.

ಅರ್ಜಿ ತಲುಪಿದ 30 ದಿನಗಳೊಳಗೆ ಉತ್ತರ ಬರಬೇಕು. ಉದಾಹರಣೆಗೆ ಜೂನ್ 1ರಂದು ಅರ್ಜಿ ಕೊಟ್ಟರೆ ಜುಲೈ 1ರೊಳಗೆ. ಅರ್ಜಿ ಬೇರೆ ಕಚೇರಿಗೆ ವರ್ಗವಾದರೆ 5 ದಿನ ಹೆಚ್ಚಾಗಬಹುದು. ಪ್ರತಿಗಳ ಶುಲ್ಕ ಕಟ್ಟಲು ಅವರು ಪತ್ರ ಬರೆದ ದಿನದಿಂದ ನೀವು ಕಟ್ಟುವ ದಿನದವರೆಗಿನ ಅವಧಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಪತ್ರ ಬಂದ ತಕ್ಷಣ ಹಣ ಕಟ್ಟಿ. ಗಡುವು ಮೀರಿದ ಮೇಲೆ ಕೊಡುವ ಮಾಹಿತಿಗೆ ಶುಲ್ಕ ಕೇಳುವಂತಿಲ್ಲ.

ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳೊಳಗೆ ಕೊಡಬೇಕು. ಕೊಳಾಯಿ ನೀರಿನಿಂದ ಬೀದಿಯಲ್ಲಿ ವಾಂತಿಭೇದಿ ಹರಡಿದ್ದರೆ, ಆ ಸಂಗತಿಯನ್ನು ಬರೆದು ಈ ಸೌಲಭ್ಯವನ್ನು ಕೋರಬಹುದು. ಆದರೆ ಅಂಥ ಹೊತ್ತಿನಲ್ಲಿ ಅರ್ಜಿಗಿಂತ ಮೊದಲು ನೀರನ್ನು ಕುದಿಸಿ ಕುಡಿಯಿರಿ, ರೋಗಿಗೆ ಓ.ಆರ್.ಎಸ್. ದ್ರಾವಣ ಕೊಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ.

ಉತ್ತರ ಬಾರದಿದ್ದರೆ?

ಗಡುವು ಮುಗಿದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಅಪೂರ್ಣವಾಗಿದ್ದರೆ, 30 ದಿನಗಳೊಳಗೆ ಮೊದಲನೇ ಮೇಲ್ಮನವಿ ಸಲ್ಲಿಸಿ. ಇದನ್ನು ಆಲಿಸುವವರು ಅದೇ ಇಲಾಖೆಯ ಮೇಲಿನ ಅಧಿಕಾರಿ. ಗ್ರಾಮ ಪಂಚಾಯಿತಿಯ ವಿಷಯವಾದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ. ಅವರು 30 ದಿನಗಳಲ್ಲಿ, ಹೆಚ್ಚೆಂದರೆ 45 ದಿನಗಳಲ್ಲಿ ತೀರ್ಮಾನ ಕೊಡಬೇಕು. ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, ಒಟ್ಟು 25,000 ರೂಪಾಯಿ ಮೀರದಂತೆ ಆಯೋಗ ದಂಡ ಹಾಕಬಹುದು.

ಆಯೋಗದ ಮುಂದೆ ವಿಚಾರಣೆಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕಾಯುತ್ತಾ ಕೂರಬೇಡಿ. ಒಂದು ಬಾಟಲಿ ನೀರನ್ನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಮಾದರಿಯನ್ನು ಹೇಗೆ ತುಂಬಬೇಕು, ಶುಲ್ಕವೆಷ್ಟು ಎಂದು ಮೊದಲೇ ವಿಚಾರಿಸಿಕೊಳ್ಳಿ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಲಾಗಿದೆ. ನಿಮ್ಮೂರಲ್ಲಿ ಕಿಟ್ ಯಾರ ಬಳಿ ಇದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಕಿಟ್ ತೋರಿಸುವುದು ಅಂದಾಜು, ಪ್ರಯೋಗಾಲಯದ ಅಂಕಿಯೇ ಖಚಿತ.

ವರದಿಯನ್ನು ಓದುವ ಕ್ರಮ

ಮೊದಲು ಮಾದರಿ ತೆಗೆದ ದಿನಾಂಕ ಮತ್ತು ಯಾವ ಕೊಳವೆ ಬಾವಿಯದೆಂಬುದನ್ನು ನೋಡಿ. ಒಂದೇ ಊರಿನ ಎರಡು ಬಾವಿಗಳ ನೀರು ಬೇರೆ ಬೇರೆಯಾಗಿರಬಹುದು. ಪಕ್ಕದ ಬೀದಿಯ ಬಾವಿಯ ವರದಿ ನಿಮ್ಮ ಮನೆಗೆ ಉಪಯೋಗವಿಲ್ಲ. ಅನಂತರ ಅಂಕಿಗಳನ್ನು ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದೊಂದಿಗೆ ಹೋಲಿಸಿ.

ಫ್ಲೋರೈಡ್: ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ ಮಾತ್ರ 1.5ರವರೆಗೆ ಒಪ್ಪಬಹುದು.

ನೈಟ್ರೇಟ್: ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಗೊಬ್ಬರ, ಚರಂಡಿ, ಶೌಚಗುಂಡಿಗಳಿಂದ ಇದು ನೀರಿಗೆ ಸೇರುತ್ತದೆ. ಆರು ತಿಂಗಳೊಳಗಿನ, ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ ಹೆಚ್ಚು ಅಪಾಯಕಾರಿ. ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುವುದುಂಟು.

ಇ. ಕೋಲಿ ಅಥವಾ ಕೋಲಿಫಾರ್ಮ್ ಬ್ಯಾಕ್ಟೀರಿಯಾ: 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು. ಇ. ಕೋಲಿ ಕಂಡರೆ ನೀರಿಗೆ ಮಲದ ಅಂಶ ಸೇರಿದೆ ಎಂದರ್ಥ.

ವರದಿಯಲ್ಲಿ ಸಾಮಾನ್ಯವಾಗಿ ಎರಡು ಮಿತಿಗಳಿರುತ್ತವೆ. ಒಂದು ಸ್ವೀಕಾರಾರ್ಹ ಮಿತಿ, ಇನ್ನೊಂದು ಬೇರೆ ಮೂಲವಿಲ್ಲದಾಗ ಸಹಿಸಬಹುದಾದ ಮಿತಿ. ಫ್ಲೋರೈಡ್ 1.4 ಇದ್ದು 'ಯೋಗ್ಯ' ಎಂದು ಷರಾ ಬರೆದಿದ್ದರೆ, ಅದು ಎರಡನೆಯ ಮಿತಿಯ ಲೆಕ್ಕ. ನಿಮ್ಮ ಊರಿಗೆ ನದಿ ನೀರೋ, 1.0ಕ್ಕಿಂತ ಕಡಿಮೆ ಇರುವ ಇನ್ನೊಂದು ಬಾವಿಯೋ ಲಭ್ಯವಿದ್ದರೆ ಈ ರಿಯಾಯಿತಿ ಸಲ್ಲದು. ಷರಾ ನೋಡಿ ಸುಮ್ಮನಾಗದೆ ಅಂಕಿ ನೋಡಿ.

ಒಂದು ಲೆಕ್ಕ ಹಾಕೋಣ. ಬಾವಿಯ ನೀರಿನಲ್ಲಿ ಫ್ಲೋರೈಡ್ 2.5 ಇದೆಯೆನ್ನಿ. ಬಿಸಿಲಲ್ಲಿ ದುಡಿಯುವವರು ದಿನಕ್ಕೆ 3 ಲೀಟರ್ ಕುಡಿದರೆ ನೀರಿನಿಂದಲೇ 7.5 ಮಿಲಿಗ್ರಾಂ ಸೇರಿತು. ಅದೇ ನೀರಿನಲ್ಲಿ ಬೆಂದ ಅನ್ನ, ಮುದ್ದೆ, ಸಾರು, ಚಹಾ ಇವುಗಳ ಪಾಲು ಬೇರೆ. ಎಲ್ಲ ಮೂಲಗಳಿಂದ ದಿನಕ್ಕೆ ಸುಮಾರು 6 ಮಿಲಿಗ್ರಾಂ ಮೀರಿದರೆ ಮೂಳೆಗೆ ತೊಂದರೆಯ ಸಂಭವ ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮನೆಯಲ್ಲಿ ಏನು ಮಾಡಬೇಕು?

ವರದಿಯಲ್ಲಿ ಯಾವ ದೋಷವಿದೆ ಎಂಬುದರ ಮೇಲೆ ಉಪಾಯ ನಿಂತಿದೆ. ಬ್ಯಾಕ್ಟೀರಿಯಾ ಇದ್ದರೆ ನೀರನ್ನು ಚೆನ್ನಾಗಿ ಕುದಿ ಬರುವಂತೆ ಕಾಯಿಸಿ ಕುಡಿಯಿರಿ. ಫ್ಲೋರೈಡ್, ನೈಟ್ರೇಟ್‌ಗಳು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದು, ಸಾಧಾರಣ ಕ್ಯಾಂಡಲ್ ಫಿಲ್ಟರ್ ಇವೂ ಇಲ್ಲಿ ನಿರುಪಯೋಗಿ. ಸರಿಯಾಗಿ ನಿರ್ವಹಿಸಿದ ಆರ್.ಓ. ಘಟಕದ ನೀರು, ನದಿ ಮೂಲದ ನೀರು, ಇಲ್ಲವೇ ಶುಚಿಯಾದ ಛಾವಣಿಯಿಂದ ಹಿಡಿದಿಟ್ಟ ಮಳೆನೀರನ್ನು ಕುಡಿಯಲು, ಅಡುಗೆಗೆ ಬಳಸಿ. ಮಳೆನೀರನ್ನು ಮಾತ್ರ ಕುದಿಸಿಯೇ ಕುಡಿಯಿರಿ. ಸ್ನಾನ, ಬಟ್ಟೆ, ಪಾತ್ರೆಗಳಿಗೆ ಕೊಳವೆ ಬಾವಿಯ ನೀರು ಆಗಬಹುದು. ಒಳ್ಳೆಯ ನೀರು ಕಡಿಮೆ ಸಿಗುವ ಮನೆಯಲ್ಲಿ ಅದರ ಮೊದಲ ಪಾಲು ಎಂಟು ವರ್ಷದೊಳಗಿನ ಮಕ್ಕಳಿಗೆ ಸಲ್ಲಲಿ. ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿಗಳಂಥ ಸುಣ್ಣದ ಅಂಶ ಮತ್ತು 'ಸಿ' ಜೀವಸತ್ವವುಳ್ಳ ಆಹಾರ ಒಳ್ಳೆಯದು. ಆದರೆ ಆಹಾರವೊಂದೇ ಕೆಟ್ಟ ನೀರಿಗೆ ಪರಿಹಾರವಾಗದು.

ಕೆಲವು ಸಂಶಯಗಳು

*ಅರ್ಜಿ ಹಾಕಿದರೆ ಊರಿನಲ್ಲಿ ವೈಮನಸ್ಯ ಬರುವುದಿಲ್ಲವೇ?*
ನೀರು ಎಲ್ಲರ ವಿಷಯ. ಮೊದಲು ಸೌಜನ್ಯದಿಂದ ಬಾಯಿಮಾತಿನಲ್ಲೇ ಕೇಳಿ ನೋಡಿ. ಕೊಟ್ಟರೆ ಅರ್ಜಿಯ ಅಗತ್ಯವೇ ಇಲ್ಲ. ಕೊಡದಿದ್ದರೆ, ಅರ್ಜಿಯ ಭಾಷೆ ಮರ್ಯಾದೆಯಿಂದಿರಲಿ, ಆರೋಪಗಳು ಬೇಡ.

*ಖಾಸಗಿ ಟ್ಯಾಂಕರ್ ಅಥವಾ ಸ್ವಂತ ಕೊಳವೆ ಬಾವಿಯ ನೀರಿನ ವರದಿ ಸಿಗುತ್ತದೆಯೇ?*
ಸರ್ಕಾರಿ ಕಚೇರಿ ಅದನ್ನು ಪರೀಕ್ಷಿಸಿ ದಾಖಲೆ ಇಟ್ಟಿದ್ದರೆ ಕೇಳಬಹುದು. ಇಲ್ಲದಿದ್ದರೆ ನೀವೇ ಪರೀಕ್ಷೆ ಮಾಡಿಸಬೇಕು.

*'ಪರೀಕ್ಷೆ ಮಾಡಿಸಿಲ್ಲ' ಎಂಬ ಉತ್ತರ ಬಂದರೆ ಶ್ರಮ ವ್ಯರ್ಥವೇ?*
ವ್ಯರ್ಥವಲ್ಲ. ಸಹಿ, ಮೊಹರು ಇರುವ ಆ ಉತ್ತರವೇ ಒಂದು ಸಾಕ್ಷ್ಯ. ಅದನ್ನು ಗ್ರಾಮಸಭೆಯಲ್ಲಿ ಓದಿ, ಪರೀಕ್ಷೆ ಮಾಡಿಸಬೇಕೆಂದು ಠರಾವು ಮಾಡಿಸಿ. ನೀರಿನ ಮೂಲಗಳಿಗೆ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ವರ್ಷಕ್ಕೆ ಎರಡು ಬಾರಿ ಬ್ಯಾಕ್ಟೀರಿಯಾ ಪರೀಕ್ಷೆ ಆಗಬೇಕೆಂಬುದು ಜಲ ಜೀವನ್ ಮಿಷನ್‌ನ ಮಾರ್ಗಸೂಚಿ.

ಬಂದ ವರದಿಯನ್ನು ಬೀರುವಿನಲ್ಲಿ ಇಟ್ಟು ಮರೆಯಬೇಡಿ. ಒಂದು ಪ್ರತಿಯನ್ನು ಅಂಗನವಾಡಿಗೆ, ಒಂದನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಡಿ. ಅಲ್ಲಿನ ಮಕ್ಕಳು ಕುಡಿಯುವುದೂ ಅದೇ ಬಾವಿಯ ನೀರಾಗಿರಬಹುದು. ಮಂಡಿ, ಬೆನ್ನುನೋವೆಂದು ವೈದ್ಯರ ಬಳಿಗೆ ಹೋಗುವಾಗ ವರದಿಯನ್ನೂ ಒಯ್ಯಿರಿ, ರೋಗ ಗುರುತಿಸಲು ಅವರಿಗೆ ನೆರವಾಗುತ್ತದೆ. ಮಳೆ, ಬರ, ಅಂತರ್ಜಲದ ಮಟ್ಟಗಳಿಗೆ ತಕ್ಕಂತೆ ನೀರಿನ ಗುಣ ಬದಲಾಗುವುದರಿಂದ ಮುಂದಿನ ವರ್ಷ ಮತ್ತೊಮ್ಮೆ ವರದಿ ಕೇಳಿ, ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ. ಹತ್ತು ರೂಪಾಯಿ ಮತ್ತು ಒಂದು ಹಾಳೆ ಕಾಗದದ ಖರ್ಚಿನಲ್ಲಿ ಒಂದು ಊರಿನ ಮಕ್ಕಳ ಹಲ್ಲು, ಮೂಳೆಗಳನ್ನು ಕಾಯುವ ಕೆಲಸ ಇದರಿಂದ ಆರಂಭವಾಗಬಹುದು.